ಶಹನಾಯಿ ಹೊದಿಸಿದ ಹಾಡು

ಮೊರಬದಾಗ ನಂದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಐತಿ. ಅರ್ಜಿ ತುಂಬೂದು, ಝೆರಾಕ್ಸ್ ತೆಗಿಯೂದು, ಮೊಬೈಲ್ ಚಿಪ್ಪಿಗೆ ಹಾಡು ಹಾಕೂದು. ಕಂಪ್ಯೂಟರ್ ಎಷ್ಟು ಹಳೇದಂದ್ರ, ವಿಡಿಯೋದ ಪುಟ ತೆರದ್ರ ಅಲ್ಲೇ ಕುಂತ ಬಿಡತೈತಿ. ಅದಕ್ಕ ನಾ ಕರೀ ಪರದೆ ತೆರದು, ಒಂದು ಸಾಲು ಕಮಾಂಡ್ ಹೊಡದು, ಮುಂದ ಲಿಂಕ್ ಅಂಟಸ್ತೀನಿ. ವಿಡಿಯೋ ಓಡಸಂದ್ರ ಓಡಸತೈತಿ, ಇಳಸಂದ್ರ ಇಳಸತೈತಿ, ಜಾಹೀರಾತಿನ ಕಾಟಿಲ್ಲ. ಬಂದವರು ನೋಡಿ, ಇವಾ ಏನೋ ಮಾಟ ಮಾಡಾಕತ್ಯಾನ ಅಂತ ಚಾಷ್ಟಿ ಮಾಡ್ತಾರ.

ನಮ್ಮಣ್ಣ ಭಜನಿ ಹಾಡ್ತಿದ್ದ. ಹೋದ ವರ್ಷ ಹೊಲದಾಗ ಎದಿ ಹಿಡಕೊಂಡು ಕುಂತಾವ ಮತ್ತ ಏಳಲಿಲ್ಲ. ಕೆಲವು ತಿಂಗಳಾದ ಮ್ಯಾಲೆ ಅವನ ಹೇಂತಿ, ನಮ್ಮ ವೈನಿ, ತಮ್ಮ ಬಟನ್ ಮೊಬೈಲ್ ಹಿಡಕೊಂಡು ಅಂಗಡಿಗೆ ಬಂದ್ರು.

"ತಮ್ಮಾ, ನಿಮ್ಮಣ್ಣನ ಹಾಡು ಇದಕ್ಕ ಹಾಕು. ಮಾರಿ ನೆನಪೈತಿ, ದನಿ ಮರತ ಹೋಗಾಕತ್ತೈತಿ. ನನಗ ಅಂಜಿಕಿ ಬರಾಕತ್ತೈತಿ."

ಅಣ್ಣ ಹಾಡಿದ್ದು ಇದ್ದದ್ದ ಒಂದು ವಿಡಿಯೋ. ಭಜನಿ ಮೇಳದಾಗ ಹಾರ್ಮೋನಿಯಂ ಪೇಟಿ ಬಾರಿಸೂ ಕಾಕಾ, ಪೇಟಿ ಮ್ಯಾಲೆ ಮೊಬೈಲ್ ನಿಲ್ಲಿಸಿ ಹಿಡದು, ತನ್ನ ಚಾನೆಲ್ಲಿಗೆ ಹಾಕಿದ್ದ. ನಾ ಕಮಾಂಡ್ ಹೊಡದೆ. ಕೆಂಪ ಅಕ್ಷರ ಬಂತು, ಈ ವಿಡಿಯೋ ಇಲ್ಲ ಅಂತ. ಲಿಂಕ್ ತಪ್ಪೇತೇನೋ ಅಂತ ಮತ್ತ ಹೊಡದೆ. ಮತ್ತ ಅದ.

ಕಾಕಾಗ ಫೋನ್ ಮಾಡಿದೆ.

"ತಗದೇನಪಾ. ಸತ್ತಾವ ನಕ್ಕೋತ ಹಾಡಾಕತ್ತಿದ್ರ ಛಲೋ ಕಾಣತೈತೇನು? ಸುತ್ತ ಹಾರ ಹಾಕಿ, ಹಾಡಿನ ಜಾಗಾದಾಗ ಶಹನಾಯಿ ಕೂಡಿಸಿ, ಶ್ರದ್ಧಾಂಜಲಿ ಮಾಡಿ ಬಿಟ್ಟೇನಿ. ಅಗದಿ ಛಲೋ ಆಗೇತಿ."

"ಮೊದಲಿಂದು ಮೊಬೈಲ್‌ನ್ಯಾಗ ಐತಿಲ್ರಿ?"

"ಅಳಿಸೇನಿ. ಜಾಗಾ ಇರಲಿಲ್ಲ."

ಈಗ ನಮ್ಮ ಕಡೆ ಯಾರ ಸತ್ರೂ ಹಿಂಗ. ಮಣ್ಣು ಕೊಟ್ಟು ಬರೂದ್ರಾಗ ಹಾರ, ಶಹನಾಯಿ, ಹಾರೂ ಪಾರಿವಾಳ ಎಲ್ಲಾ ತಯಾರ. ಸಿಟ್ಟು ನೆತ್ತಿಗೇರಿತು. ಬೈಬೇಕಂತ ಬಾಯಿ ತೆರದ್ರ, ಆ ಕಡೆ ಕಾಕಾ ಅಳಾಕತ್ತಿದ್ದ. ಮೂವತ್ತು ವರ್ಷ ಕೂಡಿ ಬಾರಿಸಿದಾವ. ಏನಂತ ಬೈಲಿ?

ತಿರ್ಲಾಪುರದ ಬೀಗರು ಹಾಕಿದ್ದು, ಮೇಳದವರು ಹಾಕಿದ್ದು, ಸಿಕ್ಕಿದ್ದೆಲ್ಲಾ ಇಳಿಸಿದೆ. ಬರೇ ದನಿ ಬಿಡಿಸಿ ಕೇಳಿದೆ. ಎಲ್ಲಾ ಕಾಕಾನ ಶ್ರದ್ಧಾಂಜಲಿ ವಿಡಿಯೋದ್ದ ನಕಲು. ಎಲ್ಲಿ ಹಚ್ಚಿದ್ರೂ ಶಹನಾಯಿ.

ವೈನಿ ಸ್ಟೂಲ್ ಬಿಟ್ಟು ಏಳಲಿಲ್ಲ. "ಆ ಸಪ್ಪಳ ಬಂದ್ ಮಾಡು," ಅಂದ್ರು. ಮಾಡಿದೆ. ಹಾರದ ನಡುವ ಅಣ್ಣ ಬಾಯಿ ತೆರೀತಿದ್ದ, ಮುಚ್ಚತಿದ್ದ. ಕೈಯಾಗ ತಾಳ.

"ನೀ ಒಡಹುಟ್ಟಿದಾವ. ನಿನ್ನ ದನಿ ಅವರ ಹಂಗ ಇದ್ದೀತು. ಒಂಚೂರು ಹಾಡು."

ನಾ ಜನ್ಮದಾಗ ಹಾಡಿದಾವಲ್ಲ. ಆದ್ರೂ ಅಣ್ಣನ ತುಟಿ ನೋಡ್ಕೋತ, ಅದಕ್ಕ ಕೂಡಿಸಿ ಶುರು ಮಾಡಿದೆ. ವೈನಿ ಕಣ್ಣ ಮುಚ್ಚಿದ್ರು. ಎರಡನೇ ಸಾಲಿಗೆ ಕೈ ಎತ್ತಿ ತಡದ್ರು.

"ಸಾಕು, ಬ್ಯಾಡ. ನೆನಪಿನ್ಯಾಗ ಉಳದಿದ್ದಷ್ಟು ಅವರ ದನಿ ಮ್ಯಾಲೂ ನಿಂದು ಕುಂದರಾಕತ್ತೈತಿ."