ಬ್ಯಾರನ್ನಿನಲ್ಲಿ ಎದ್ದು ನಿಂತ ಹಸು

ಸರ್ರ್, ಆಮೇಲೆ ಧಪ್. ನುಣುಪು ಸಿಮೆಂಟಿನ ಮೇಲೆ ಗೊರಸು ಜಾರಿ ದೊಡ್ಡ ಮೈಯೊಂದು ಕುಸಿಯುವ ಸದ್ದು. ಅಡುಗೆಮನೆಯಲ್ಲಿ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ನನಗೆ ಅದು ಮೂರು ಸಲ ಕೇಳಿಸಿತು. ಮೂರನೆಯದಕ್ಕೆ ಚಾಕು ಬಿಟ್ಟು ಕೊಟ್ಟಿಗೆಗೆ ಓಡಿದೆ. ಓಡಿದೆ ಅಂದರೆ, ಈ ಮಂಡಿಗಳು ಬಿಟ್ಟಷ್ಟು.

ಪಿರಿಯಾಪಟ್ಟಣದಿಂದ ಬೆಟ್ಟದಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಜಮೀನು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಆದಿವಾಸಿ ಹಾಡಿಯವಳು. ಗಂಡನ ಜೊತೆ ಕೂಲಿಗೆ ಬಂದು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಳು. ಹುಟ್ಟಿದಾಗಿನಿಂದ ಬೇರೆಯವರ ದನ ಮೇಯಿಸಿದವಳಿಗೆ ಈ ಹಸು ಒಂದೇ ಸ್ವಂತದ್ದು. ಅವತ್ತು ಬೆಳಗ್ಗೆ ಅದರ ಚೊಚ್ಚಲ ಹೆರಿಗೆ. ಕರು ದೊಡ್ಡದು, ಇಬ್ಬರು ಗಂಡಸರು ಹಗ್ಗ ಹಾಕಿ ಎಳೆದರು. ಹೆಣ್ಣುಗರು ಬದುಕಿತು. ತಾಯಿ ಏಳಲಿಲ್ಲ.

ಹಿಂಗಾಲೆರಡೂ ಅಗಲಕ್ಕೆ ಚಾಚಿ ಬಿದ್ದಿದ್ದವು, ಕಾನ್ವೆಂಟಿನ ಬಯಾಲಜಿ ಲ್ಯಾಬಿನಲ್ಲಿ ಮೇಣದ ಟ್ರೇಗೆ ಪಿನ್ ಚುಚ್ಚಿಟ್ಟ ಕಪ್ಪೆಯ ಹಾಗೆ. ಆ ನೆಲ ನಾನೇ ಹಾಕಿಸಿದ್ದು. ಮಣ್ಣಿನ ನೆಲ ಅನ್‌ಹೈಜೀನಿಕ್ ಅಂತ ಹಟ ಮಾಡಿ, ಕನ್ನಡಿ ಥರ ಫಿನಿಶಿಂಗ್ ಕೊಡಿಸಿದ್ದೆ. ಸಿಸ್ಟರ್‌ಗಳು ಕಲಿಸಿದ ನೀಟ್‌ನೆಸ್ ನನ್ನದು; ಜಾರಿದ್ದು ಅವಳ ಹಸು.

ಪಶು ಡಾಕ್ಟರು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಕ್ಯಾಲ್ಸಿಯಂ ಕೊಟ್ಟು ನೋಡಿದಳು, ಸೊಂಟ, ತೊಡೆ ಒತ್ತಿ ನೋಡಿದಳು.

"ಮೂಳೆ ಮುರಿದಿಲ್ಲ ಮೇಡಂ. ಕರು ಬರೋವಾಗ ಒಳಗೆ ನರ ಜಜ್ಜಿದೆ. ಅಬ್ಟುರೇಟರ್ ನರ್ವ್. ತೊಡೆಗಳನ್ನ ಹತ್ತಿರ ಎಳ್ಕೊಳ್ಳೋ ಮಸಲ್‌ಗೆ ಸುದ್ದಿನೇ ಹೋಗ್ತಿಲ್ಲ. ನರ ಸುಧಾರಿಸಬಹುದು. ಆದರೆ ಕಾಲು ಇನ್ನೊಂದ್ಸಲ ಹೀಗೆ ಜಾರಿದ್ರೆ ಮಸಲ್ ಹರಿಯುತ್ತೆ. ಬಿದ್ದಲ್ಲೇ ಬಿದ್ದಿದ್ರೆ ಅದರ ಭಾರವೇ ಕಾಲನ್ನ ಕೊಲ್ಲುತ್ತೆ." ಹಿಂಗಾಲೆರಡನ್ನೂ ಸ್ವಲ್ಪ ಅಂತರ ಬಿಟ್ಟು ಕಟ್ಟಬೇಕು, ಮಣ್ಣಿನ ನೆಲಕ್ಕೆ ಸಾಗಿಸಬೇಕು, ಮಗ್ಗುಲು ಬದಲಿಸುತ್ತಿರಬೇಕು, ಹೇಗಾದರೂ ಎತ್ತಿ ನಿಲ್ಲಿಸಬೇಕು ಅಂದಳು.

"ಬಿದ್ದಿರೋ ಹಸಿನ ಕಾಲು ಕಟ್ಟಾದಾ? ಪಾಪ ಬತ್ತದೆ ಬುಡಿ," ಅಂದಳು ಹಸುವಿನ ಒಡತಿ.

"ಬಂದ್ರೆ ನನಗೆ ಬರಲಿ, ಕಟ್ಟು," ಅಂತ ನನ್ನ ಹಳೇ ಕಾಟನ್ ಸೀರೆ ಹರಿದುಕೊಟ್ಟೆ.

ನಮ್ಮಲ್ಲೇ ಕೆಲಸಕ್ಕಿದ್ದ ಅವಳ ಮೈದುನ ತಲೆ ಅಲ್ಲಾಡಿಸಿದ. "ಸುಮ್ಕೆ ಬುಡು ಅತ್ಗೆ. ಭಾನುವಾರ ದನದ ದಲ್ಲಾಳಿ ಬತ್ತನೆ, ಕೊಟ್ಬುಡವ."

ಅವತ್ತು ಸೋಮವಾರ. ಅವಳು ಬೆರಳು ಮಡಿಸಿ ದಿನ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಬ್ಯಾರನ್ನಲ್ಲಿ ನೇತಾಕವ ಕಣ್ರವ್ವ. ಅಷ್ಟೊಂದು ಹಸಿ ಸೊಪ್ಪು ತಡೀತದೆ, ಒಂದು ಹಸ ತಡಿಯಾಕಿಲ್ವಾ?" ಅಂದಳು.

ಬ್ರಿಲಿಯಂಟ್! ನಮ್ಮ ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ನೇತುಹಾಕಿ ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಎತ್ತರದ ಕೋಣೆ, ಸೂರಿನವರೆಗೂ ಅಡ್ಡಮರಗಳು. ಸೀಸನ್ ಮುಗಿದು ಖಾಲಿ ಬಿದ್ದಿತ್ತು, ನೆಲ ಮಣ್ಣಿನದು. ಬಾಗಿಲ ಚೌಕಟ್ಟು ಕೀಳಿಸಿದೆ. ಹಸುವನ್ನು ಹಲಗೆಯ ಮೇಲೆ ಎಳೆದುತಂದರು. ಬೋರ್‌ವೆಲ್ ಮೆಕ್ಯಾನಿಕ್‌ನ ಚೈನ್ ಪುಲ್ಲಿ, ಸೊಪ್ಪಿನ ಬೇಲು ಸುತ್ತುವ ಗೋಣಿತಾಟಿನ ನಾಲ್ಕು ಮಡಿಕೆಯ ಜೋಲಿ, ಎದೆಗೊಂದು ಹೊಟ್ಟೆಗೊಂದು.

ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಇಣುಕಿದ. "ಏನವ್ವ, ಈ ಸಲ ಸೊಪ್ಪಿನ ಬದ್ಲು ಹಸ ಬೇಯಿಸಿ ಹರಾಜಿಗೆ ಆಕ್ತೀರಾ?"

"ಊಂ ಕಣಪ್ಪ," ಅಂದಳು ಅವಳು, ಸರಪಳಿ ಬಿಡದೆ. "ನಿನ್ ನಾಲ್ಗೆನೂ ಒಂದು ಕಡ್ಡಿಗೆ ಕಟ್ಟಿ ಕಳ್ಸು, ಒಟ್ಗೇ ಬೇಯಿಸವ."

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಕೆಲವೇ ನಿಮಿಷ ಎತ್ತುವುದು. ಉಳಿದ ಹೊತ್ತು ಹುಲ್ಲಿನ ಮೇಲೆ ಮಲಗಿಸಿ, ನಾವಿಬ್ಬರೂ ಭುಜ ಕೊಟ್ಟು ಮಗ್ಗುಲು ಬದಲಿಸುವುದು. ಅವಳು ಬೆಚ್ಚಗಿನ ಹರಳೆಣ್ಣೆ ಹಚ್ಚಿ ತೊಡೆ ತಿಕ್ಕುತ್ತಿದ್ದಳು. ಮಂಗಳವಾರ, ಬುಧವಾರ ಹಿಂಗಾಲು ಒದ್ದೆ ಬಟ್ಟೆಯ ಹಾಗೆ ಜೋತಾಡಿದವು. ನಾನು ರೋಸರಿ ಜಪಮಾಲೆ ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷ. ಆ ವಾರ ಹುಡುಕಿ ತೆಗೆದೆ. ಶುಕ್ರವಾರ ತೊಡೆಯ ಒಳಗಡೆ ಕೈಯಿಟ್ಟವಳು, "ಅದುರ್ತದೆ, ಮುಟ್ಟಿ ನೋಡಿ," ಅಂದಳು. ಮುಟ್ಟಿದೆ. ಚರ್ಮದಡಿಯಲ್ಲಿ ಏನೋ ಮೆಲ್ಲಗೆ ನಡುಗುತ್ತಿತ್ತು.

ಶನಿವಾರ ಸಂಜೆ ಅವಳೇ ಹೇಳಿದಳು: "ಸರಪಳಿ ಸಡ್ಲ ಬುಡಿ."

ಮೈದುನ ಬಿಟ್ಟ. ಗೋಣಿ ಜೋತುಬಿತ್ತು. ಹಸು ಬೀಳಲಿಲ್ಲ! ನಾಲ್ಕು ಕಾಲಿನ ಮೇಲೆ ತೂರಾಡಿತು, ನಿಂತಿತು, ನಮ್ಮೆಲ್ಲರ ಮುಂದೆ ಧಾರಾಳವಾಗಿ ಸಗಣಿ ಹಾಕಿತು, ಆಮೇಲೆ ಹೊರಗಿದ್ದ ಕರುವಿಗೆ ಕೂಗು ಹಾಕಿತು. ನಾನು ಸ್ಪೋರ್ಟ್ಸ್ ಡೇ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿ "ಬ್ರೇವೋ!" ಅಂತ ಕಿರುಚಿದೆ. ಅವಳು ಮಾತ್ರ ಬೈದಳು: "ಮೂಳಿ, ಇಷ್ಟ್ ದಿನ ನಮ್ ಕೈಲಿ ಹೊರ್ಸ್ಕಂಡೆಯಲ್ಲೇ!" ಬೈಯುತ್ತಲೇ ಅದರ ಕೊರಳಿಗೆ ಮುಖ ಒತ್ತಿ ಅತ್ತಳು.

ಭಾನುವಾರ ಬಂದ ದಲ್ಲಾಳಿಯನ್ನು ಮೈದುನನೇ ಗೇಟಿನಿಂದ ವಾಪಸ್ ಕಳಿಸಿದ. "ಹಸಕ್ಕೆ ಪುರುಸೊತ್ತಿಲ್ಲ ಕಣಣ್ಣ, ಕರುಗೆ ಹಾಲು ಕುಡಿಸ್ತಾ ಅದೆ." ಸೋಮವಾರ ನಾನು ಕೂಲಿಯವರನ್ನು ಕರೆಸಿ ಆ ಕನ್ನಡಿ ನೆಲವನ್ನು ಉಳಿಯಿಂದ ಒರಟು ಮಾಡಿಸಿದೆ.

ಎರಡು ವರ್ಷ ಕಳೆದ ಮೇಲೆ ಅವಳ ತಾಯಿಯ ಜಮೀನಿನಲ್ಲಿ ಅವಳಿಗೂ ಒಂದು ಪಾಲು ಬಂತು. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಊರು ದಾಟಿ ಹಾಡಿಗೆ ಹೋಗಲು ಗೂಡ್ಸ್ ಗಾಡಿ ಬಂದು ನಿಂತಿತು. ಬೆಳೆದು ಮಣಕವಾಗಿದ್ದ ಕರು ಮೊದಲು ಹತ್ತಿತು. ಹಸು ಹಲಗೆಯ ಮೇಲೆ ಮುಂಗಾಲಿಟ್ಟದ್ದೇ ನಾನು ಹೋಗಿ ಅದರ ತೊಡೆಗೆ ಎರಡೂ ಕೈ ಆನಿಸಿದೆ.

"ಕೈ ಬುಡಿ ಅಮ್ಮಾವ್ರೆ," ಅಂದಳು ಗಾಡಿಯ ಮೇಲಿನಿಂದ. "ಅದೇ ಅತ್ತದೆ."

ಬಿಟ್ಟೆ. ಹತ್ತಿತು. ಒಳಗೆ ಅವಳಿಗೆ ಕೂರಲು ಜಾಗವಿತ್ತು, ಕೂರಲಿಲ್ಲ. ಹಸುವಿನ ಬೆನ್ನ ಮೇಲೆ ಕೈಯಿಟ್ಟು, ಗಾಡಿ ಹುಣಸೂರು ರಸ್ತೆಗೆ ತಿರುಗುವವರೆಗೂ ಅದರ ಪಕ್ಕದಲ್ಲಿ ನಿಂತೇ ಇದ್ದಳು. ನಾನು ಅವಳನ್ನು ಕಡೆಯದಾಗಿ ಕಂಡದ್ದು ಹಾಗೆ.