ಮೂಡಣ ಗಾಳಿಯಲ್ಲಿ ಅತ್ತೆಯ ಮೂಗುತಿ

ಬೆಂಗಳೂರಿನವರಿಗೆ ಚಳಿಯ ವಿಷಯದಲ್ಲಿ ಒಂದು ಹುಸಿ ಹೆಮ್ಮೆ ಇರುತ್ತದೆ. ಡಿಸೆಂಬರ್ ಬೆಳಗ್ಗೆ ಸ್ವೆಟರ್ ಹಾಕಿಕೊಂಡು, ಬಾಯಿಂದ ಹೊಗೆ ಬಿಟ್ಟು ತೋರಿಸುತ್ತ ಬೆಳೆದವಳು ನಾನು. ಮದುವೆಯಾಗಿ ಡಚ್ಚರ ನಾಡಿನ ಆಮ್ಸ್ಟೆಲ್‌ವೀನ್‌ಗೆ ಬಂದ ಮೊದಲ ಚಳಿಗಾಲದಲ್ಲೇ ಆ ಹೆಮ್ಮೆ ಇಳಿದುಹೋಯಿತು. ಹೂಫ್‌ಡಾರ್ಪಿನ ಆಫೀಸಿಗೆ ಹೋಗುವ ಬಸ್ಸಿಗೆ ಕಾಯುತ್ತ ನಿಂತರೆ ಕೈಗೆ ಗ್ಲೌಸು, ಕಾಲಿಗೆ ಬೂಟು, ಮೈಗೆ ಮೂರು ಪದರ ಬಟ್ಟೆ ಎಲ್ಲ ಇರುತ್ತಿತ್ತು. ಮುಖ ಮಾತ್ರ ಹೇಳುವವರು ಕೇಳುವವರು ಇಲ್ಲದೆ ಹೊರಗೆ ಇರುತ್ತಿತ್ತು. ಇಲ್ಲಿ ಗಾಳಿಗೆ ಅಡ್ಡ ಬರಲು ಒಂದು ಗುಡ್ಡ ಇಲ್ಲ. ಮೂಡಣ ಗಾಳಿ ರಷ್ಯಾದಲ್ಲೆಲ್ಲೋ ಹೊರಟು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಸೀದಾ ನನ್ನ ಕೆನ್ನೆಗೇ ಬಂದು ಬಡಿಯುತ್ತಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನಗೆ ಎಲ್ಲದಕ್ಕೂ ಮೊದಲು ಬರುವುದು ಅದೇ.

ಆ ಸಿಟ್ಟಿನಲ್ಲೇ ಮನೆಯಲ್ಲಿ ಮುಖದ ಇಲಾಖೆಯನ್ನು ನಾನು ವಹಿಸಿಕೊಂಡೆ. ಥರ್ಮಾಮೀಟರ್ ಸೊನ್ನೆಗಿಂತ ಕೆಳಗೆ ಇಳಿದು, ಮೇಲೆ ಗಾಳಿಯೂ ಇದ್ದರೆ ಯಾರೂ ಬರಿ ಮುಖದಲ್ಲಿ ಬಾಗಿಲು ದಾಟುವಂತಿಲ್ಲ. ಕೆನ್ನೆ, ಮೂಗು, ಕಿವಿಯ ಅಂಚಿಗೆ ಜಿಡ್ಡಿನ ಮುಲಾಮು ತೆಳ್ಳಗೆ ಸವರಬೇಕು. ಉಣ್ಣೆಯ ಸ್ಕಾರ್ಫು ಕಣ್ಣಿನ ಕೆಳಗಿನವರೆಗೆ ಬರಬೇಕು. ಉಸಿರಿಗೆ ಒದ್ದೆಯಾದ ಸ್ಕಾರ್ಫು ಹೆಪ್ಪುಗಟ್ಟಿ ಸೆಟೆದು ನಿಲ್ಲುವುದರಿಂದ ಚೀಲದಲ್ಲಿ ಇನ್ನೊಂದು ಇರಬೇಕು. ಕಿವಿಯ ಓಲೆ, ರಿಂಗು ಎಲ್ಲ ತೆಗೆದಿಡಬೇಕು, ಏಕೆಂದರೆ ಲೋಹ ನಮಗಿಂತ ಮೊದಲು ತಣ್ಣಗಾಗುತ್ತದೆ, ಆಮೇಲೆ ಸುತ್ತಲಿನ ಚರ್ಮವನ್ನೂ ತಣ್ಣಗಾಗಿಸುತ್ತದೆ. ಗಂಡನಿಗೆ ಊರಿಂದ ತರಿಸಿದ ಮಂಕಿ ಕ್ಯಾಪ್ ಕಡ್ಡಾಯ. ಅವನು ಅದನ್ನು ಹಾಕಿಕೊಂಡ ದಿನ ನಮ್ಮ ಒಂಬತ್ತು ವರ್ಷದ ಮಗಳು, ತನಗೂ ಈ ಮನುಷ್ಯನಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಹಿಂದೆ ದೂರ ಬಿಟ್ಟು ನಡೆಯುತ್ತಾಳೆ.

ಇಂಥ ಮನೆಗೆ ಉಡುಪಿಯಿಂದ ಅತ್ತೆ ಬಂದರು, ಅದೂ ಜನವರಿಯಲ್ಲಿ. ಎಲ್ಲರ ಅಪ್ಪ ಅಮ್ಮ ಟ್ಯೂಲಿಪ್ ಹೂವಿನ ಹೊತ್ತಿಗೆ ಬಂದರೆ ನಮ್ಮತ್ತೆಗೆ ಮಂಜುಗಡ್ಡೆಯನ್ನೇ ನೋಡಬೇಕಿತ್ತು. ಬೇಸಿಗೆಯಲ್ಲಿ ಬನ್ನಿ ಎಂದು ಫೋನಿನಲ್ಲಿ ಎಷ್ಟು ಹೇಳಿದರೂ, ಬೇಸಿಗೆ ನಮ್ಮಲ್ಲಿ ಬೇಕಾದಷ್ಟು ಉಂಟು, ಅದನ್ನು ನೋಡಲು ಅಷ್ಟು ದೂರ ಯಾಕೆ ಬರುವುದು ಎಂದು ಕೇಳಿದ್ದರು. ಅವರ ಮಾತು ಮಗನ ಹತ್ತಿರ ತುಳು, ನನ್ನ ಹತ್ತಿರ ಉಡುಪಿಯ ಕನ್ನಡ, ಮೊಮ್ಮಗಳ ಹತ್ತಿರ ಎರಡೂ. ಅವಳು ಇಂಗ್ಲಿಷಿನಲ್ಲೋ ಡಚ್ಚಿನಲ್ಲೋ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅದರಿಂದ ಯಾವ ತೊಂದರೆಯೂ ಆದದ್ದನ್ನು ನಾನು ನೋಡಲಿಲ್ಲ.

ತೊಂದರೆ ಇದ್ದದ್ದು ನನಗೆ ಮತ್ತು ತುಳಸಿಗೆ. ಅಡುಗೆಮನೆಯ ಕಿಟಕಿಯಲ್ಲಿಟ್ಟ ನಮ್ಮ ತುಳಸಿ ಗಿಡ ಪ್ರತಿ ಚಳಿಗಾಲದಲ್ಲೂ ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತದೆ. ಅತ್ತೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ದಿನಾ ಬೆಳಗ್ಗೆ ಸ್ನಾನ ಮಾಡಿ ಬಂದು, ಆ ಒಣ ಕಡ್ಡಿಗಳಿಗೆ ಒಂದು ಚಮಚ ನೀರು ಹಾಕಿ, ನನ್ನನ್ನು ಒಮ್ಮೆ ನೋಡಿ ಹೋಗುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವರ ಮುಖದಲ್ಲಿ ಮೊದಲು ಕಾಣುವುದು ಮೂಗುತಿ. ಏಳು ಕಲ್ಲಿನದು, ಹಿಂದೆ ತಿರುಪು. ನಗುವಾಗ ಕಣ್ಣಿಗಿಂತ ಮೊದಲು ಅದೇ ಮಿನುಗುತ್ತದೆ. ಹಣೆಯಲ್ಲಿ ಕುಂಕುಮವಿಲ್ಲದ ಆ ಮುಖದಲ್ಲಿ ಅದೊಂದೇ ಒಡವೆ. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಅವರು ವಾಪಸು ಹೊರಡಲು ಒಂದು ವಾರ ಇದೆ ಅನ್ನುವಾಗ, ಕೊನೆಗೂ ಮನೆಯ ಹಿಂದಿನ ಕಾಲುವೆ ಹೆಪ್ಪುಗಟ್ಟಿತು. ಇದು ಇಲ್ಲಿ ಪ್ರತಿ ವರ್ಷ ಆಗುವ ಸಂಗತಿಯಲ್ಲ. ಮಗಳು ಒಳಾಂಗಣದ ರಿಂಕಿನಲ್ಲಿ ಸ್ಕೇಟಿಂಗ್ ಕಲಿತಿದ್ದಳೇ ಹೊರತು ಕಾಲುವೆಯ ಮೇಲೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಇಲ್ಲಿ ಮಕ್ಕಳು ಊಟದ ಕುರ್ಚಿಯನ್ನು ಮಂಜುಗಡ್ಡೆಯ ಮೇಲೆ ತಳ್ಳುತ್ತ ಸ್ಕೇಟಿಂಗ್ ಕಲಿಯುತ್ತಾರೆ. ಆ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ ಸೇತುವೆಯವರೆಗೆ ತಳ್ಳಿಕೊಂಡು ಹೋಗುವುದು ಅವಳ ಯೋಜನೆ. ಅಜ್ಜಿ ಬಂದ ದಿನವೇ ಒಪ್ಪಂದವಾಗಿತ್ತು. ಭಾನುವಾರಕ್ಕೆ ಗಟ್ಟಿಯಾಗುತ್ತದೆ, ಸೋಮವಾರವೋ ಮಂಗಳವಾರವೋ ಕರಗಲು ಶುರುವಾಗುತ್ತದೆ ಎಂದು ಹವಾಮಾನದವರು ಹೇಳಿದರು. ಅಂದರೆ ಇದ್ದದ್ದು ಹೆಚ್ಚೆಂದರೆ ಒಂದೆರಡು ದಿನ.

ಶನಿವಾರ ನಾನು ಅಂಗಡಿಗೆ ಹೋಗಿದ್ದೆ. ನನ್ನ ಇಲಾಖೆಯ ಕಣ್ಣು ತಪ್ಪಿದ ಆ ಹೊತ್ತಿನಲ್ಲಿ ಅತ್ತೆ ತಲೆಗೊಂದು ಶಾಲು ಹೊದ್ದು, ಮುಖ ಬಿಟ್ಟುಕೊಂಡು, ಕಾಲುವೆಯ ದಂಡೆಗೆ ಹೋಗಿ ನಿಂತಿದ್ದಾರೆ. ಅಕ್ಕಪಕ್ಕದವರು ಪೊರಕೆ ಹಿಡಿದು ಮಂಜುಗಡ್ಡೆ ಗುಡಿಸುತ್ತಿದ್ದರಂತೆ. ನೀರನ್ನು ಗುಡಿಸುವ ಜನರನ್ನು ಮೊದಲ ಸಲ ನೋಡಿದ ಖುಷಿಯಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲವಂತೆ. ನಾನು ಬರುವಾಗ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ಹತ್ತಿರ ಹೋಗಿ ಮುಖ ನೋಡಿದೆ. ಮೂಗುತಿಯ ಸುತ್ತ ಚರ್ಮ ಮೇಣದ ಹಾಗೆ ಬೆಳ್ಳಗಾಗಿತ್ತು.

"ಎಂತ ಇಲ್ಲ ಮಾರಾಯ್ತಿ, ಒಂಚೂರೂ ನೋವಿಲ್ಲ" ಎಂದರು.

ನೋವಿಲ್ಲ ಎಂದದ್ದೇ ನನ್ನನ್ನು ಹೆದರಿಸಿದ್ದು. ಅವರು ಕೈಯಿಂದ ತಿಕ್ಕಲು ಹೊರಟರು, ತಡೆದೆ. ಒಲೆಯ ಹತ್ತಿರ ಮುಖ ಹಿಡಿಯುತ್ತೇನೆ ಎಂದರು, ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ ಎಂದು ಅದನ್ನೂ ತಡೆದೆ. ಸೋಫಾದಲ್ಲಿ ಕೂರಿಸಿ, ನನ್ನ ಅಂಗೈಯನ್ನು ಬಿಸಿನೀರಿನ ಲೋಟಕ್ಕೆ ಒತ್ತಿ ಬೆಚ್ಚಗೆ ಮಾಡಿಕೊಂಡು ಅವರ ಮೂಗಿನ ಮೇಲಿಟ್ಟೆ. ಮದುವೆಯಾದ ದಿನದಿಂದ ಅವರ ಕಾಲು ಮುಟ್ಟಿದ್ದೆ, ಕೈ ಹಿಡಿದಿದ್ದೆ, ಮುಖ ಮುಟ್ಟಿರಲಿಲ್ಲ. ಅತ್ತೆಯ ಮೂಗು ಮುಚ್ಚಿಕೊಂಡು ಎದುರು ಕೂತ ಸೊಸೆ ಯಾವ ಮಾತು ಆಡಬೇಕು ಎಂದು ಯಾರೂ ಕಲಿಸಿಕೊಡುವುದಿಲ್ಲ. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಅವರು, ನಿನ್ನ ಕೈಗೆ ಈರುಳ್ಳಿ ವಾಸನೆ ಉಂಟು ಎಂದರು. ಆಮೇಲೆ, ಈಗ ಉರಿಯುತ್ತದೆ ಎಂದರು. ಉರಿದರೆ ಒಳ್ಳೆಯದು ಎಂದೆ. ಕೈ ತೆಗೆದು ನೋಡಿದರೆ ಚರ್ಮ ಕೆಂಪಗಾಗುತ್ತ ಬರುತ್ತಿತ್ತು. ನನಗೆ ಜೀವ ಬಂದ ಹಾಗಾಯಿತು.

ವಾರಾಂತ್ಯದ ಡಾಕ್ಟರ ನಂಬರಿಗೆ ಫೋನು ಮಾಡಿದೆ. ಗುಳ್ಳೆ ಎದ್ದಿದೆಯಾ, ಬಣ್ಣ ಬಂದಿದೆಯಾ ಎಂದೆಲ್ಲ ಕೇಳಿದ ಹೆಂಗಸು, ಸರಿಯಾಗಿಯೇ ಮಾಡಿದ್ದೀರಿ, ಆದರೆ ಒಮ್ಮೆ ಚಳಿ ಕಚ್ಚಿದ ಜಾಗಕ್ಕೆ ಇನ್ನೊಮ್ಮೆ ಬೇಗ ಕಚ್ಚುತ್ತದೆ ಎಂದಳು. ನಾಳೆ ಹೊರಗೆ ಹೋಗಲೇಬೇಕಾದರೆ ಸ್ವಲ್ಪವೇ ಹೊತ್ತು, ಮುಖ ಪೂರಾ ಮುಚ್ಚಿಕೊಂಡು. ಮೂಗಿನಲ್ಲಿ ಲೋಹ ಮಾತ್ರ ಬೇಡ.

ನಾನು ಫೋನಿಟ್ಟವಳೇ ಇಲಾಖೆಯ ಗತ್ತಿನಲ್ಲಿ, ಅತ್ತೆ, ನಾಳೆ ಮೂಗುತಿ ತೆಗೆದುಬಿಡಿ ಎಂದೆ.

ಅತ್ತೆ ಎದ್ದು ರೂಮಿಗೆ ಹೋದರು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಮಗಳು ನನ್ನ ಮುಖ ನೋಡಿದಳು, ನಾನು ಗಂಡನ ಮುಖ ನೋಡಿದೆ. ಅವನು ಪಾತ್ರೆ ತೊಳೆಯುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದು, ನಲ್ಲಿ ಬಿಟ್ಟು, ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿದ. ಮಾವನ ಕ್ರಿಯೆ ಮುಗಿದ ದಿನ ಅತ್ತೆಯ ಹಿರಿಯ ಓರಗಿತ್ತಿ ಒಂದು ತಟ್ಟೆ ಹಿಡಿದುಕೊಂಡು ಬಂದು ನಿಂತರಂತೆ. ಕುಂಕುಮ ಒರೆಸಿಯಾಗಿತ್ತು, ಬಳೆ ತೆಗೆದಾಗಿತ್ತು. ಮೂಗುತಿಯನ್ನೂ ತೆಗೆದು ತಟ್ಟೆಗೆ ಹಾಕಬೇಕಿತ್ತು. ಮನೆ ತುಂಬ ಜನ. ಅಲ್ಲಿಯವರೆಗೆ ಎಲ್ಲದಕ್ಕೂ ತಲೆಬಾಗಿಸಿ ಕೂತಿದ್ದ ಅತ್ತೆ ತಲೆ ಎತ್ತಿ ಹೇಳಿದರಂತೆ: ಇದು ನನ್ನ ಅಜ್ಜಿ ಚುಚ್ಚಿಸಿದ್ದು. ಗಂಡ ನನ್ನ ಬದುಕಿಗೆ ಬರುವ ಮೊದಲೇ ಮೂಗಿಗೆ ಬಂದದ್ದು. ಅವರು ಹೋದರೆ ಇದು ಯಾಕೆ ಹೋಗಬೇಕು? ತಟ್ಟೆ ಹಾಗೆಯೇ ವಾಪಸು ಹೋಯಿತು. ಓರಗಿತ್ತಿ ಬಹಳ ದಿನ ಮಾತು ಬಿಟ್ಟಿದ್ದರು. ಅತ್ತೆ ಅಂದಿನಿಂದ ಮೂಗುತಿಯ ತಿರುಪನ್ನು ತೊಳೆಯಲಿಕ್ಕೂ ಬಿಚ್ಚಿರಲಿಲ್ಲ.

ಇಂಥದ್ದನ್ನು ಮೊದಲೇ ಹೇಳಬಾರದಾ ಎಂದು ಗಂಡನ ಮೇಲೆ ಸಿಟ್ಟು ಬಂತು. ಬೇರೆ ಉಪಾಯ ಹುಡುಕಲು ಕೂತೆ. ಮೂಗುತಿಯ ಮೇಲೆ ಹತ್ತಿ ಇಟ್ಟು ಪ್ಲಾಸ್ಟರ್ ಅಂಟಿಸಿದರೆ? ಉಸಿರಿಗೆ ಒದ್ದೆಯಾಗಿ ಇನ್ನೂ ಕೆಡುತ್ತದೆ. ಗಂಡ, ಅಮ್ಮ ಕಿಟಕಿಯಿಂದಲೇ ನೋಡಲಿ ಎಂದ. ಮಗಳು ಹೊರಬಾಗಿಲ ಹತ್ತಿರ ತಂದಿಟ್ಟಿದ್ದ ಊಟದ ಕುರ್ಚಿಯನ್ನು ಎತ್ತಿ ಮೇಜಿನ ಹತ್ತಿರ ವಾಪಸು ಇಟ್ಟಳು. ಅತ್ತೆಗೆ ರೂಮಿನ ಒಳಗೂ ಆ ಸದ್ದು ಕೇಳಿಸಿರಬೇಕು.

ಭಾನುವಾರ ಬೆಳಗ್ಗೆ ನಾನು ಚಹಾಕ್ಕೆ ನೀರಿಟ್ಟಿದ್ದೆ. ಅತ್ತೆ ಸ್ನಾನ ಮುಗಿಸಿ ಬಂದು, ತುಳಸಿಗೆ ಚಮಚ ನೀರು ಹಾಕಿ, ಅವತ್ತು ನನ್ನನ್ನು ನೋಡದೆ, ತೆಂಗಿನೆಣ್ಣೆ ಎಲ್ಲಿ ಉಂಟು ಎಂದು ಕೇಳಿದರು. ಬಾಟಲಿಯಲ್ಲಿ ಎಣ್ಣೆ ಕಲ್ಲಾಗಿತ್ತು. ಬಿಸಿನೀರಿನಲ್ಲಿ ಇಟ್ಟು ಕರಗಿಸಿ ಕೊಟ್ಟೆ. ಬೆರಳಿಗೆ ಅದ್ದಿಕೊಂಡು ಮೂಗಿನ ಒಳಗೆ ತಿರುಪಿನ ಸುತ್ತ ಹಚ್ಚತೊಡಗಿದರು. ಆಗ ನನಗೆ ಅರ್ಥವಾಯಿತು.

ಬೇಡ ಅತ್ತೆ, ನಂಗೆ ಗೊತ್ತಿರ್ಲಿಲ್ಲ, ಇನ್ನೊಂದು ವರ್ಷ ಐಸ್ ಆಗುತ್ತೆ ಎಂದೆ.

"ಇಲ್ಲಿ ಕೇಳು" ಎಂದರು. "ಅವತ್ತು ತೆಗಿ ಅಂತ ಹೇಳಿದವರಿಗೆ ನನ್ನ ಗಂಡ ಇಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೇಳಿದ್ದು. ಈ ಚಳಿಗೆ ಅದು ಗೊತ್ತುಂಟಾ? ಇದಕ್ಕೆ ಮುತ್ತೈದೆ ಮೂಗೂ ಒಂದೇ, ನನ್ನ ಮೂಗೂ ಒಂದೇ. ಇದು ಹೇಳಿದ್ರೆ ತೆಗಿಬಹುದು."

ನನ್ನ ಕಣ್ಣು ತುಂಬಿತು. ಚಹಾ ಉಕ್ಕಿತು. ಒಲೆ ಆರಿಸಿ ಬಂದು ಅವರೆದುರು ಕೂತೆ. ತಿರುಪು ಹಿಡಿದುಕೊಂಡುಬಿಟ್ಟಿತ್ತು. ಅವರು ಮುಂದಿನಿಂದ ಮೂಗುತಿಯ ಕಲ್ಲಿನ ಹೂವನ್ನು ಹಿಡಿದರು, ನಾನು ಒಳಗಿನಿಂದ ತಿರುಪನ್ನು ಹಿಡಿದೆ. ಎಣ್ಣೆಯಲ್ಲಿ ಬೆರಳು ಜಾರಿತು. ಅವರಿಗೆ ಒಂದು ಸೀನು ಬಂತು, ನನ್ನ ಮುಖದ ಮೇಲೇ. ಇಬ್ಬರಿಗೂ ನಗು ತಡೆಯಲಿಲ್ಲ. ನಗುವ ಮೂಗಿನಿಂದ ಮೂಗುತಿ ತೆಗೆಯುವುದು ಇನ್ನೂ ಕಷ್ಟ. ಮಗಳು ಪೈಜಾಮದಲ್ಲೇ ಎದ್ದು ಬಂದು ಫೋನಿನ ಟಾರ್ಚ್ ಹಿಡಿದಳು. ಕೊನೆಗೆ ತಿರುಪು ಅಲ್ಲಾಡಿತು, ತಿರುಗಿತು, ಮೂಗುತಿ ಅತ್ತೆಯ ಅಂಗೈಗೆ ಬಂತು. ಆ ಜಾಗದ ಚರ್ಮ ಎಳೆಯ ಮಗುವಿನದರ ಹಾಗೆ ತಿಳಿಯಾಗಿತ್ತು.

ಆದರೆ ತೂತು ಬರಿದಾಗಿ ಬಿಡಬಾರದಂತೆ, ಬೇಗ ಮುಚ್ಚಿಕೊಳ್ಳುತ್ತದಂತೆ. ಚಿಕ್ಕವರಿದ್ದಾಗ ಚುಚ್ಚಿಸಿದ ಹೊಸತರಲ್ಲಿ ಅಜ್ಜಿ ಒಂದು ಕಡ್ಡಿ ಸಿಕ್ಕಿಸಿ ಇಡುತ್ತಿದ್ದರು ಎನ್ನುತ್ತ ಅತ್ತೆ ಕಿಟಕಿಯ ಹತ್ತಿರ ಹೋದರು. ನಾನು ಒಣಗಿಸಿಟ್ಟ ತುಳಸಿಯಿಂದ ಸಪೂರದ ಒಂದು ಕಡ್ಡಿ ಮುರಿದು, ಬಿಸಿನೀರಿನಲ್ಲಿ ತೊಳೆದು, ಉಗುರಿನಲ್ಲಿ ನಯ ಮಾಡಿ, ಎಣ್ಣೆ ಹಚ್ಚಿ ಮೂಗಿಗೆ ಸಿಕ್ಕಿಸಿಕೊಂಡರು.

"ಒಣಗಿಸಿದ್ದಕ್ಕೆ ಒಂದು ಉಪಯೋಗ ಆಯ್ತು" ಎಂದರು. ನಾಲ್ಕು ವಾರದಿಂದ ಕಾಯುತ್ತಿದ್ದ ಬೈಗುಳ ಅದು. ಅಷ್ಟರಲ್ಲೇ ಮುಗಿಯಿತು.

ಆಮೇಲೆ ಇಲಾಖೆ ತನ್ನ ಕೆಲಸ ಮಾಡಿತು. ಮುಲಾಮು, ಉಣ್ಣೆಯ ಸ್ಕಾರ್ಫು, ಅದರ ಮೇಲೆ ಗಂಡನ ಮಂಕಿ ಕ್ಯಾಪು, ಅದರ ಮೇಲೆ ಶಾಲು. ಅತ್ತೆಯ ಎರಡು ಕಣ್ಣು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಮಂಕಿ ಕ್ಯಾಪಿನ ಅಜ್ಜಿಯ ಕೈಯನ್ನು ಮಗಳು ಎಲ್ಲರೆದುರು ಹಿಡಿದುಕೊಂಡೇ ನಡೆದಳು. ಗಂಡ ಇದನ್ನು ನೋಡಿ ತನಗೊಂದು ನ್ಯಾಯ, ಅಜ್ಜಿಗೊಂದು ನ್ಯಾಯವಾ ಎಂದು ಗೊಣಗಿದ.

"ಅಜ್ಜಿ, ಯು ಸಿಟ್. ಐ ಪುಶ್" ಎಂದಳು ಮಗಳು.

ಅತ್ತೆ ಮಂಜುಗಡ್ಡೆಗೆ ಬಗ್ಗಿ, ಗ್ಲೌಸಿನ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಕುರ್ಚಿಯಲ್ಲಿ ಕೂತರು. ಮಗಳು ಬಗ್ಗಿ ತಳ್ಳಿದಳು. ಕುರ್ಚಿ ಮೊದಲು ಕೀರಲಿಟ್ಟು, ಆಮೇಲೆ ಸರಾಗವಾಗಿ ಹೊರಟಿತು. ಗುಡಿಸುತ್ತಿದ್ದವರು ಪೊರಕೆ ಹಿಡಿದುಕೊಂಡು ಬದಿಗೆ ಸರಿದು ದಾರಿ ಬಿಟ್ಟರು. ಸೇತುವೆಯ ಹತ್ತಿರ ಹೋಗಿ ತಿರುಗುವಾಗ ಅತ್ತೆ ತುಳುವಿನಲ್ಲಿ ಏನೋ ಜೋರಾಗಿ ಹೇಳಿದ್ದು ನನಗೆ ಕೇಳಿಸಿತು. ಏನೆಂದು ಗಂಡನನ್ನು ಕೇಳಿದೆ. ಇನ್ನೂ ಜೋರಾಗಿ ತಳ್ಳು ಅಂತಿದ್ದಾಳೆ ಎಂದ.

ಒಂದು ಸುತ್ತು ಮುಗಿಸಿ, ನಾನು ಗದರಿದ ಮೇಲೆ ಒಳಗೆ ಬಂದರು. ಎಲ್ಲ ಬಿಚ್ಚಿ ಮುಖ ನೋಡಿದೆ. ಕೆನ್ನೆ ಕೆಂಪು, ಮೂಗು ಬೆಚ್ಚಗೆ, ಎಲ್ಲೂ ಬಿಳಿ ಇರಲಿಲ್ಲ. ಸಂಜೆ ಅತ್ತೆ ಸೆರಗಿನ ಗಂಟಿನಿಂದ ಮೂಗುತಿ ಬಿಡಿಸಿ, ಕಡ್ಡಿ ತೆಗೆದು, ಕನ್ನಡಿ ನೋಡದೆ ತೂತು ಹುಡುಕಿ ಸಿಕ್ಕಿಸಿಕೊಂಡರು. ಹಿಂದಿನ ತಿರುಪು ಹಾಕಲು ನನ್ನನ್ನು ಕರೆದರು. ಇನ್ನೆಂದೂ ಬಿಚ್ಚುವ ಪ್ರಮೇಯ ಬಾರದಿರಲಿ ಎಂದುಕೊಂಡು ನಾನು ಬಲವಾಗಿ ತಿರುಗಿಸುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದರು.

"ಅಷ್ಟು ಗಟ್ಟಿ ಮಾಡ್ಬೇಡ. ನಾಳೆಯೂ ಐಸ್ ಇದ್ರೆ ತೆಗಿಬೇಕಲ್ಲ."

ನಾನು ಅರ್ಧ ಸುತ್ತು ಸಡಿಲ ಬಿಟ್ಟೆ.