ಶನಿವಾರದ ತಲೆನೋವು

ತಲೆ ಇದ್ದೋರಿಗೆ ತಾನೇ ತಲೆನೋವು ಅಂತ ನಕ್ಕುಬಿಡೋರನ್ನ ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತೆ. ನನ್ನದು ಅರ್ಧ ತಲೆಯ ನೋವು. ಎಡಗಣ್ಣಿನ ಹಿಂದೆ ಶುರುವಾಗಿ, ಕಿವಿ, ಕತ್ತು ಹಿಡಿದು, ಕೊನೆಗೆ ವಾಂತಿಯಾದ ಮೇಲೇ ಬಿಡುತ್ತಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಅಂಟಿಕೊಂಡಿತು. ಎಪ್ಪತ್ತರ ದಶಕದ ಕೊನೆ ಅದು. ಕುಣಿಗಲ್ಲಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಬಿ.ಎ. ಓದುತ್ತಿದ್ದೆ. ನಮ್ಮ ಬೀದಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ನಾನೊಬ್ಬಳೇ, ಹಾಗಾಗಿ ನೋವಿಗೆ ಕಾರಣ ಎಲ್ಲರಿಗೂ ಗೊತ್ತಿತ್ತು. "ಓದಿ ಓದಿ ತಲೆ ಕೆಡಿಸ್ಕೊಂಡವ್ಳೆ ಕಣೇ," ಅಂತ ಪಕ್ಕದ ಮನೆಯಾಕೆ ನಲ್ಲಿ ಹತ್ತಿರ ನನಗೆ ಕೇಳೋ ಹಾಗೇ ಹೇಳುತ್ತಿದ್ದಳು.

ಅಮ್ಮ ಸುಮ್ಮನೆ ಕೂತವಳಲ್ಲ, ಪಾಪ. ಸೂರ್ಯ ಹುಟ್ಟೋ ಮುಂಚೆ ಮೂಗಿಗೆ ತುಂಬೆ ಸೊಪ್ಪಿನ ರಸ ಬಿಟ್ಟಳು. ಶುಂಠಿ ತೇದು ಹಣೆಗೆ ಬಳಿದಳು. ಹುಲಿಯೂರುದುರ್ಗದ ಕಡೆ ಯಾರೋ ಮಂತ್ರ ಹಾಕ್ತಾರೆ ಅಂತ ಅಲ್ಲಿಗೂ ಎಳೆದುಕೊಂಡು ಹೋದಳು. ಯಾವುದಕ್ಕೂ ಜಗ್ಗದಿದ್ದಾಗ, ಸಂಕಟ ಬಂದಾಗ ವೆಂಕಟರಮಣ ಅನ್ನೋ ಹಾಗೆ, ಮನೆದೇವರಿಗೆ ಹರಕೆ ಹೊತ್ತಳು: ನೋವು ಹೋಗೋವರೆಗೂ ಮಗಳು ಶನಿವಾರ ಒಪ್ಪತ್ತು ಇರುತ್ತಾಳೆ. ಹರಕೆ ಅವಳದು, ಹೊಟ್ಟೆ ನನ್ನದು. ಬೆಳಗ್ಗೆಯಿಂದ ಬರೀ ನೀರು, ದೀಪ ಹಚ್ಚಿದ ಮೇಲೆ ಊಟ.

ಕೊನೆಯ ವರ್ಷದ ಪರೀಕ್ಷೆಯಲ್ಲಿ ಒಂದು ಪೇಪರ್ ನೋವಿನಲ್ಲೇ ಬರೆದು ಫೇಲಾದೆ. ಅಪ್ಪ ಜಾಸ್ತಿ ಮಾತಾಡೋ ಮನುಷ್ಯ ಅಲ್ಲ. "ಇನ್ನೊಂದ್ಸಲ ಕಟ್ಟು. ಪಾಸಾದ್ರೆ ಬಿ.ಎಡ್.ಗೆ ಕಳಿಸ್ತೀನಿ. ಇಲ್ದಿದ್ರೆ ಗುಬ್ಬಿ ಸಂಬಂಧ ಒಪ್ಕೊಂಡುಬಿಡು," ಅಂದರು. ಗುಬ್ಬಿಯ ಹುಡುಗ ಕೆಟ್ಟವನೇನಲ್ಲ. ಆದರೆ ನನಗೆ ಟೀಚರ್ ಆಗಬೇಕಿತ್ತು. ಚಾಕ್‌ಪೀಸ್ ಹಿಡಿದು ಗಟ್ಟಿಯಾಗಿ ಮಾತಾಡೋಕೆ ನನ್ನದೂ ಅಂತ ಒಂದು ಜಾಗ ಬೇಕಿತ್ತು, ಅಷ್ಟೇ.

ಭಯ ಹುಟ್ಟಿ, ತುಮಕೂರಿನ ಒಬ್ಬ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಅವರು, "ಯಾವಾಗ ಬರುತ್ತೆ?" ಅಂತ ಕೇಳಿದರು. ಅದುವರೆಗೂ ಯಾರೂ ಕೇಳಿರಲಿಲ್ಲ ನೋಡಿ! ಯೋಚನೆ ಮಾಡಿ, "ಹೆಚ್ಚಾಗಿ ಶನಿವಾರ ಸಾಯಂಕಾಲ," ಅಂದೆ. "ಶನಿವಾರ ಏನು ತಿಂತೀಯ?" ಅಂದರು. "ದೀಪ ಹಚ್ಚೋವರೆಗೂ ಬರೀ ನೀರು," ಅನ್ನುವಾಗಲೇ ನನಗೆ ಹೊಳೆಯಿತು. ಹರಕೆಗೆ ಮುಂಚೆ ಅಪರೂಪಕ್ಕೆ ಬರುತ್ತಿದ್ದದ್ದು, ಹರಕೆ ಹೊತ್ತ ಮೇಲೆ ವಾರ ವಾರ ಬರುತ್ತಿತ್ತು. "ಇದು ಬೇರು ಸಮೇತ ಹೋಗೋ ಕಾಯಿಲೆ ಅಲ್ಲಮ್ಮ, ಹದ್ದುಬಸ್ತಿನಲ್ಲಿ ಇಟ್ಕೋಬೇಕು. ಹಸ್ಕೊಂಡಿರಬೇಡ, ನಿದ್ದೆ ಕೆಡಬೇಡ, ಬಿಸಿಲಲ್ಲಿ ಅಲೀಬೇಡ. ಶುರುವಾಗೋ ಸೂಚನೆ ಸಿಕ್ಕ ತಕ್ಷಣ ಮಾತ್ರೆ ನುಂಗಿ ಕತ್ತಲೆ ಕೋಣೇಲಿ ಮಲಕ್ಕೋ," ಅಂದರು.

ಮನೆಗೆ ಬಂದು ಹೇಳಿದರೆ ಅಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ದೇವ್ರಿಗೆ ಕೊಟ್ಟ ಮಾತು ಕಣೇ! ಅರ್ಧಕ್ಕೆ ಬಿಟ್ರೆ ಸುಮ್ನಿರ್ತಾನಾ?" ನೋವು ಹೆಚ್ಚಾಗಿರೋದೇ ನನ್ನ ಭಕ್ತಿ ಸಾಲದ್ದಕ್ಕೆ ಅನ್ನೋದು ಅವಳ ವಾದ. ನನಗೆ ರೋಸಿಹೋಯಿತು.

ನನ್ನ ಗ್ರಹಚಾರ, ಆ ಪೇಪರ್ ಮತ್ತೆ ಬಿದ್ದದ್ದೂ ಶನಿವಾರವೇ. ಅವತ್ತು ತಿಂದೇ ಹೋಗೋದು ಅಂತ ಹಟ ಹಿಡಿದೆ. ಹಿಂದಿನ ದಿನವೆಲ್ಲ ಜಗಳ. ಕೊನೆಗೆ ಅಪ್ಪ, "ತಿನ್ಲಿ ಬುಡು," ಅಂದರು. ಬೆಳಗ್ಗೆ ಅಮ್ಮ ಉಪ್ಪಿಟ್ಟು ಮಾಡಿ, ತಟ್ಟೆ ನನ್ನ ಮುಂದೆ ಇಟ್ಟು, ದೇವರ ಮುಂದೆ ಹೋಗಿ ಅಳುತ್ತಾ ಕೂತಳು. ನಿದ್ದೆ ಇಲ್ಲದ ಕಣ್ಣಲ್ಲೇ ತಿಂದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಏಪ್ರಿಲ್ ಬಿಸಿಲು, ಡೀಸೆಲ್ ವಾಸನೆ, ಮುಂದೆ ನಿಂತವಳ ಮುಡಿ ತುಂಬ ಮಲ್ಲಿಗೆ.

ಮೊದಲನೇ ಪ್ರಶ್ನೆಗೆ ಚೆನ್ನಾಗಿ ಬರೆದೆ. ಎರಡನೆಯದರ ಮಧ್ಯದಲ್ಲಿ ಕಣ್ಣಂಚಲ್ಲಿ ಬೆಳಕು ಗರಗಸದ ಹಲ್ಲಿನ ಹಾಗೆ ಮಿನುಗೋಕೆ ಶುರುವಾಯಿತು. ಅದೇ ಸೂಚನೆ. ಮಾತ್ರೆ ನುಂಗಿದೆ. ಪರೀಕ್ಷೆ ಹಾಲಿನಲ್ಲಿ ಕತ್ತಲೆ ಕೋಣೆ ಎಲ್ಲಿಂದ ತರಲಿ? ಅಕ್ಷರಗಳು ಅರ್ಧರ್ಧ ಮಾಯವಾದವು. ಹೊರಗೆ ಓಡಿ ವಾಂತಿ ಮಾಡಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಒಳಗೆ ಹೋಗಿ ಕೂತರೂ ಪೆನ್ನು ಹಿಡಿಯೋಕಾಗಲಿಲ್ಲ.

ಸಂಜೆ ಅಮ್ಮ ಬೈಯಲಿಲ್ಲ. ನನ್ನ ತಲೆ ತೊಡೆ ಮೇಲೆ ಇಟ್ಟುಕೊಂಡು ಒತ್ತುತ್ತಾ, "ನೋಡ್ದಾ ಮಗಾ, ತಿಂದಿದ್ದನ್ನ ದೇವ್ರೇ ಕಕ್ಕಿಸ್ದ," ಅಂದಳು. ಹರಕೆ ಹೊತ್ತ ಮೇಲೆ ನಾನು ತಿಂದ ಶನಿವಾರ ಅದೊಂದೇ, ಅವತ್ತೂ ಬಂತು. ನಿದ್ದೆ, ಬಿಸಿಲು ಅಂತ ಹೇಳೋಕೆ ಹೋದೆ. ನನಗೇ ಅದು ನೆಪದ ಹಾಗೆ ಕೇಳಿಸಿತು. ಮತ್ತೆ ಫೇಲಾದೆ. ಅಪ್ಪ ಗುಬ್ಬಿಗೆ ಹೇಳಿಕಳಿಸಿದರು.

ತಲೆನೋವಿನ ವಿಷಯ ಗಂಡಿನ ಕಡೆಯವರ ಮುಂದೆ ಯಾರೂ ಬಾಯಿ ಬಿಡಲಿಲ್ಲ. ಕಾಯಿಲೆ ಹುಡುಗಿ ಅನ್ನಿಸಿಕೊಂಡರೆ ಮುಗೀತಲ್ಲ. ಹೆಣ್ಣೊಪ್ಪಿಸೋ ಶಾಸ್ತ್ರದಲ್ಲಿ, ಹೊತ್ತಿಗೆ ಸರಿಯಾಗಿ ಊಟ ಹಾಕಿ ಅಂತ ಎಲ್ಲ ತಾಯಂದಿರೂ ಕೇಳಿಕೊಳ್ಳೋ ಹೊತ್ತಿನಲ್ಲಿ, ನನ್ನಮ್ಮ ನನ್ನ ಕೈಯನ್ನು ಅತ್ತೆಯ ಕೈಗಿಟ್ಟು, "ಶನಿವಾರ ಅವ್ಳು ಒಪ್ಪತ್ತು ಇರ್ತಾಳೆ ಕಣ್ರೀ. ಮರೀದಂಗೆ ನಡೆಸ್ಕೊಂಡು ಹೋಗಿ," ಅಂತ ಅತ್ತಳು.

ಅತ್ತೆಯ ಮುಖ ಅರಳಿತು. "ಅಯ್ಯೋ, ಇಂಥಾ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು," ಅಂದು ನನ್ನ ಕೈ ಅದುಮಿದರು. "ನಮ್ಮನೇಲಿ ಸೋಮವಾರಾನೂ ಇರ್ತೀವಿ."